ಕಾಲೇಜು ಮತ್ತು ಹಳ್ಳಿ: ವಿದ್ಯಾರ್ಥಿ ಸಮುದಾಯಸೇವೆಯ ಚರಿತ್ರೆಯಲ್ಲಿ ಎರಡು ಧಾರೆಗಳು

ಕಾಲೇಜು ವಿದ್ಯಾರ್ಥಿಗಳು ತರಗತಿಯಿಂದ ಹೊರಬಂದು ಸುತ್ತಲಿನ ಹಳ್ಳಿಯ ಇಲ್ಲವೆ ಕೇರಿಯ ಜನರ ನಡುವೆ ದುಡಿಯುವ ಕ್ರಮವನ್ನು ನಮ್ಮಲ್ಲಿ ಸಾಮಾನ್ಯವಾಗಿ ‘ರಾಷ್ಟ್ರೀಯ ಸೇವಾ ಯೋಜನೆ’ ಎಂಬ ಒಂದೇ ಹೆಸರಿನಿಂದ ಗುರುತಿಸಲಾಗುತ್ತದೆ. 1969ರಲ್ಲಿ ಆರಂಭವಾದ ಈ ಯೋಜನೆಯ ಚರಿತ್ರೆಯೆಂದು ಸರ್ಕಾರಿ ಕೈಪಿಡಿಗಳಲ್ಲಿ ಒಂದು ವಂಶಾವಳಿ ದೊರೆಯುತ್ತದೆ. ಅದು ಗಾಂಧೀಜಿಯವರಿಂದ ಆರಂಭವಾಗಿ ರಾಧಾಕೃಷ್ಣನ್ ಆಯೋಗ, ನೆಹರೂ, ದೇಶಮುಖ್ ಸಮಿತಿ, ಸೈಯಿದೈನ್ ವರದಿ, ಕೊಠಾರಿ ಆಯೋಗ ಎಂಬ ಮೆಟ್ಟಿಲುಗಳ ಮೂಲಕ ನೇರವಾಗಿ 1969ನೆಯ ಇಸವಿಗೆ ಬಂದು ನಿಲ್ಲುತ್ತದೆ. ಈ ವಂಶಾವಳಿಯಲ್ಲಿ ತಪ್ಪು ಸಂಗತಿಗಳೇನೂ ಇಲ್ಲ. ಆದರೆ ಅದು ಅಪೂರ್ಣ. ವಿದ್ಯಾರ್ಥಿಯನ್ನು ಹಳ್ಳಿಗೆ ಕಳುಹಿಸಬೇಕೆಂಬ ವಿಚಾರಕ್ಕೆ ಇಪ್ಪತ್ತನೆಯ ಶತಮಾನದ ಭಾರತದಲ್ಲಿ ಎರಡು ಬೇರೆ ಬೇರೆ ಮೂಲಗಳಿವೆ. ಹಳ್ಳಿಗೆ ಏನನ್ನಾದರೂ ಮಾಡಿಕೊಡುವುದಕ್ಕಾಗಿ ಹೋಗುವುದು ಒಂದು. ಹಳ್ಳಿಯನ್ನು ಅರಿಯುವುದಕ್ಕಾಗಿ ಹೋಗುವುದು ಇನ್ನೊಂದು. ಮೊದಲನೆಯದನ್ನು ಸೇವೆಯ ಧಾರೆಯೆಂದೂ ಎರಡನೆಯದನ್ನು ಅಧ್ಯಯನದ ಧಾರೆಯೆಂದೂ ಇಲ್ಲಿ ಕರೆಯಲಾಗಿದೆ. ಇವೆರಡೂ ಎಲ್ಲಿ ಕೂಡಿದವು, ಎಲ್ಲಿ ಅಗಲಿದವು, ಅಗಲಿಕೆಯಿಂದ ಉಂಟಾದ ನಷ್ಟವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಖಿಲ ಭಾರತ ಮಟ್ಟದ ಸಂಗತಿಗಳೊಂದಿಗೆ ಕರ್ನಾಟಕಕ್ಕೆ ಸಂಬಂಧಿಸಿದ ಕೆಲವು ನಿದರ್ಶನಗಳನ್ನು ಬಳಸಿಕೊಳ್ಳಲಾಗಿದೆ.

ರಜೆಯ ದಿನಗಳ ಸಮೀಕ್ಷೆ

ಅಧ್ಯಯನದ ಧಾರೆಯ ಒಂದು ಸ್ಪಷ್ಟವಾದ ಆರಂಭಬಿಂದು ಮದರಾಸು ವಿಶ್ವವಿದ್ಯಾನಿಲಯದಲ್ಲಿದೆ. ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಗಿಲ್ಬರ್ಟ್ ಸ್ಲೇಟರ್ 1915ರ ಕೊನೆಯಲ್ಲಿ ಅಲ್ಲಿಗೆ ಭಾರತೀಯ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ದುಡಿಯುವ ವರ್ಗದವರ ಉನ್ನತ ಶಿಕ್ಷಣಕ್ಕೆಂದೇ ಸ್ಥಾಪಿತವಾಗಿದ್ದ ಸಂಸ್ಥೆಯಿಂದ ಬಂದ ಅವರಿಗೆ, ಇಂಗ್ಲೆಂಡಿನ ಪಠ್ಯಗಳನ್ನು ಓದಿಕೊಂಡು ಹಿಂದೂಸ್ಥಾನದ ಕೃಷಿಯ ಬಗೆಗೆ ಪರೀಕ್ಷೆ ಬರೆಯುವ ಪದ್ಧತಿ ಸಮಂಜಸವೆನಿಸಲಿಲ್ಲ. ಅವರು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ, ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಭೂಮಿ ಯಾರಲ್ಲಿದೆ, ಗೇಣಿಯೆಷ್ಟು, ಕೂಲಿಯೆಷ್ಟು, ಸಾಲವೆಷ್ಟು, ಕೆರೆಕಾಲುವೆಗಳ ಸ್ಥಿತಿಯೇನು ಎಂಬಂಥ ವಿಷಯಗಳನ್ನು ವಿದ್ಯಾರ್ಥಿಗಳು ವಿಚಾರಿಸಿ ಬರೆದು ತರಬೇಕಾಗಿತ್ತು. ಹೀಗೆ ಸಂಗ್ರಹವಾದ ವರದಿಗಳನ್ನು ಆಧರಿಸಿ 1918ರಲ್ಲಿ ಪ್ರಕಟವಾದ ಗ್ರಂಥವು ದಕ್ಷಿಣ ಭಾರತದ ಗ್ರಾಮಾಧ್ಯಯನಗಳ ಚರಿತ್ರೆಯಲ್ಲಿ ಮೊದಲ ಸಾಲಿನದು. ದಕ್ಷಿಣ ಆರ್ಕಾಟಿನ ಇರುವೇಲ್‌ಪಟ್ಟು, ಉತ್ತರ ಆರ್ಕಾಟಿನ ದೂಸಿ, ತಿರುನೆಲ್ವೇಲಿಯ ಗಂಗೈಕೊಂಡಾನ್, ತಂಜಾವೂರಿನ ಪಾಲಕ್ಕುರಿಚ್ಚಿ ಮೊದಲಾದ ಹಳ್ಳಿಗಳು ಅದರಲ್ಲಿ ಸೇರಿವೆ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದು, ಅಲ್ಲಿಯ ಕಾಲೇಜು ವಿದ್ಯಾರ್ಥಿಗಳೂ ಅದೇ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕೂರುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಈ ಸಮೀಕ್ಷೆಯ ವೈಶಿಷ್ಟ್ಯ ಎರಡು ಬಗೆಯದು. ವಿದ್ಯಾರ್ಥಿ ಹೋದದ್ದು ಪರರ ಊರಿಗಲ್ಲ, ತನ್ನ ಊರಿಗೆ. ಅಲ್ಲಿ ಅವನ ಮನೆಯಿತ್ತು, ಅವನ ಕುಲಕ್ಕೊಂದು ಸ್ಥಾನವಿತ್ತು. ಬಹುಮಟ್ಟಿಗೆ ಅವನು ಭೂಮಿಯುಳ್ಳ ಕುಟುಂಬದವನೇ ಆಗಿದ್ದ. ಆದುದರಿಂದ ಅವನು ಕಂಡದ್ದರಲ್ಲಿ ಪಕ್ಷಪಾತ ಇದ್ದೇ ಇತ್ತು. ಆದರೂ ತಾನು ದಿನನಿತ್ಯ ಕಾಣುತ್ತಿದ್ದ ಕೂಲಿಯಾಳಿನ ದಿನದ ಸಂಪಾದನೆಯನ್ನು ಅವನು ಮೊದಲ ಬಾರಿಗೆ ಕೇಳಿ ಬರೆದುಕೊಂಡದ್ದು ಸಣ್ಣ ಸಂಗತಿಯಲ್ಲ. ಎರಡನೆಯದಾಗಿ, ಬರೆದದ್ದು ಉಳಿಯಿತು. 1930ರ ದಶಕದಲ್ಲಿ ಪಿ. ಜೆ. ಥಾಮಸ್ ಮತ್ತು ಕೆ. ಸಿ. ರಾಮಕೃಷ್ಣನ್ ಅವರ ನೇತೃತ್ವದಲ್ಲಿ ಅದೇ ಹಳ್ಳಿಗಳ ಮರುಸಮೀಕ್ಷೆ ನಡೆದು 1940ರಲ್ಲಿ ಪ್ರಕಟವಾಯಿತು. ಇರುವೇಲ್‌ಪಟ್ಟು ಗ್ರಾಮವನ್ನಂತೂ 1960ರ ಮತ್ತು 1980ರ ದಶಕಗಳಲ್ಲಿ, ಕೊನೆಗೆ 2008ರಲ್ಲಿಯೂ ಸಂಶೋಧಕರು ಮತ್ತೆ ಮತ್ತೆ ಅಧ್ಯಯನ ಮಾಡಿದರು. ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಯ ಬರವಣಿಗೆಯು ಸುಮಾರು ಒಂದು ಶತಮಾನದ ಕೃಷಿ ಬದಲಾವಣೆಯನ್ನು ಅಳೆಯುವ ಮೂಲಮಾನವಾಯಿತು. ಆದರೆ ಹಳ್ಳಿಗೆ ಅದರಿಂದ ನೇರವಾಗಿ ದೊರೆತ ಪ್ರಯೋಜನವೇನು ಎಂದು ಕೇಳಿದರೆ ಉತ್ತರ ಕಷ್ಟ. ಅಧ್ಯಯನದ ಧಾರೆಯ ಮಿತಿ ಇದೇ.

ಸೇವೆಯ ಧಾರೆ

ಸ್ಲೇಟರ್ ಮದರಾಸಿಗೆ ಬಂದ 1915ರಲ್ಲಿಯೇ ಗಾಂಧೀಜಿ ದಕ್ಷಿಣ ಆಫ್ರಿಕದಿಂದ ಹಿಂದಿರುಗಿದ್ದರು. ಮುಂದಿನ ಮೂರು ದಶಕಗಳಲ್ಲಿ ಅವರು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಆಡಿದ ಮಾತುಗಳಲ್ಲಿ ಪದೇ ಪದೇ ಬರುವ ಸೂಚನೆಯೊಂದಿದೆ: ರಜಾದಿನಗಳನ್ನು ಹಳ್ಳಿಗಳಲ್ಲಿ ಕಳೆಯಬೇಕು, ಅಕ್ಷರ ಕಲಿಸಬೇಕು, ನೈರ್ಮಲ್ಯದ ಕೆಲಸವನ್ನು ಸ್ವತಃ ಮಾಡಬೇಕು, ಅಸ್ಪೃಶ್ಯರೆನಿಸಿಕೊಂಡವರ ಕೇರಿಗೆ ಹೋಗಬೇಕು. 1937ರ ವಾರ್ಧಾ ಸಮ್ಮೇಳನ ಮತ್ತು ಜಾಕಿರ್ ಹುಸೇನ್ ಸಮಿತಿಯ ಮೂಲಕ ರೂಪುಗೊಂಡ ಮೂಲಶಿಕ್ಷಣ ಪದ್ಧತಿಯಲ್ಲಿ ಕೈಗೆಲಸವೇ ಕಲಿಕೆಯ ಕೇಂದ್ರವಾಗಿತ್ತು. ಅಲ್ಲಿ ಸೇವೆ ಮತ್ತು ಕಲಿಕೆಗಳನ್ನು ಬೇರ್ಪಡಿಸುವ ಪ್ರಶ್ನೆಯೇ ಏಳಲಿಲ್ಲ. ಆದರೆ ಅದು ಶಾಲಾ ಮಟ್ಟದ ಯೋಜನೆ. ಕಾಲೇಜಿನ ಮಟ್ಟಕ್ಕೆ ಬರುವ ಹೊತ್ತಿಗೆ ಗಾಂಧೀಜಿಯವರ ವಿಚಾರದಿಂದ ಉಳಿದುಕೊಂಡದ್ದು ಪೊರಕೆ ಮತ್ತು ಹಾರೆ. ಕೈಗೆಲಸದ ಮೂಲಕ ಅರಿಯುವ ಕ್ರಮ ಹಿಂದೆ ಸರಿಯಿತು.

ಎರಡು ಧಾರೆಗಳೂ ಒಂದೆಡೆ ಕೂಡಿದ ಅಪೂರ್ವ ನಿದರ್ಶನವೆಂದರೆ ರವೀಂದ್ರನಾಥ ಠಾಕೂರರ ಶ್ರೀನಿಕೇತನ. 1922ರ ಫೆಬ್ರವರಿಯಲ್ಲಿ ಲೆನಾರ್ಡ್ ಎಲ್ಮ್‌ಹರ್ಸ್ಟ್ ಅವರು ಒಂದು ಸಣ್ಣ ವಿದ್ಯಾರ್ಥಿ ತಂಡದೊಡನೆ ಶಾಂತಿನಿಕೇತನದ ಸಮೀಪದ ಸುರುಲ್ ಗ್ರಾಮದಲ್ಲಿ ನೆಲೆಸಿದರು. ವಿದ್ಯಾರ್ಥಿಗಳು ತಮ್ಮ ಅಡುಗೆ, ತೋಟ, ಶೌಚವ್ಯವಸ್ಥೆಗಳನ್ನು ತಾವೇ ನೋಡಿಕೊಂಡರು. ಸುತ್ತಲಿನ ಹಳ್ಳಿಗಳಲ್ಲಿ ಮಲೇರಿಯಾ ನಿವಾರಣೆಯ ಕೆಲಸ ಆರಂಭವಾಯಿತು. ಹಳ್ಳಿಯ ಹುಡುಗರದೇ ‘ವ್ರತಿ ಬಾಲಕ’ ದಳಗಳು ರಚಿತವಾದವು. ಇದರ ಜೊತೆಗೇ ಹಳ್ಳಿಗಳ ಆರ್ಥಿಕ ಮತ್ತು ಆರೋಗ್ಯ ಸಮೀಕ್ಷೆಗಳೂ ನಡೆದವು. ಹಳ್ಳಿಯ ತೊಂದರೆಯೇನೆಂಬುದನ್ನು ಮೊದಲು ಕೇಳಿ ತಿಳಿದು, ಅನಂತರ ಕೆಲಸಕ್ಕೆ ಕೈಹಾಕಬೇಕೆಂಬುದು ಅಲ್ಲಿಯ ಕ್ರಮವಾಗಿತ್ತು. ಶಿಬಿರ ಹೂಡಿ ಕೆಲವು ದಿನಗಳಲ್ಲಿ ತೆರಳುವ ಪ್ರಶ್ನೆ ಅಲ್ಲಿ ಇರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಬೆಳವಣಿಗೆ ಬೇರೊಂದು ದಾರಿ ಹಿಡಿಯಿತು. 1916ರಲ್ಲಿ ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾನಿಲಯವು ಅಧ್ಯಾಪಕರನ್ನು ಊರೂರುಗಳಿಗೆ ಕಳುಹಿಸಿ ಕನ್ನಡದಲ್ಲಿ ಉಪನ್ಯಾಸ ಕೊಡಿಸುವ ಪರಿಪಾಠವನ್ನು ಬೆಳೆಸಿತು. ‘ಪ್ರಚಾರೋಪನ್ಯಾಸ ಮಾಲೆ’ಯ ಕಿರುಹೊತ್ತಗೆಗಳು ಇಂದಿಗೂ ಹಳೆಯ ಗ್ರಂಥಾಲಯಗಳಲ್ಲಿ ದೊರೆಯುತ್ತವೆ. 1940ರ ದಶಕದಲ್ಲಿ ಬೆಳೆದ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ಸಾಕ್ಷರತಾ ವರ್ಗಗಳನ್ನೂ ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ನಡೆಸಿತು. ನಂಜನಗೂಡಿನ ವಿದ್ಯಾಪೀಠದಲ್ಲಿ ಗ್ರಾಮೀಣ ಯುವಕರಿಗೆ ಶಿಕ್ಷಣ ನೀಡಿತು. ಜ್ಞಾನವನ್ನು ಜನರ ಭಾಷೆಯಲ್ಲಿ ಜನರ ಬಳಿಗೆ ಒಯ್ಯುವ ಈ ಪ್ರಯತ್ನಗಳು ಕನ್ನಡ ಗದ್ಯಕ್ಕೂ ಉಪಕಾರ ಮಾಡಿದವು. ಆದರೆ ಇಲ್ಲಿ ಜ್ಞಾನದ ಹರಿವು ಒಮ್ಮುಖವಾಗಿತ್ತು. ಬಲ್ಲವನು ಹೇಳುವವನು, ಹಳ್ಳಿಗ ಕೇಳುವವನು.

ಕಡ್ಡಾಯವೋ ಐಚ್ಛಿಕವೋ

ಸ್ವಾತಂತ್ರ್ಯಾನಂತರದ ಎರಡು ದಶಕಗಳ ಚರ್ಚೆಯನ್ನು ಓದುವಾಗ ಎದ್ದು ಕಾಣುವ ಸಂಗತಿಯೆಂದರೆ, ಆ ಚರ್ಚೆಯ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಸುತ್ತಿತು: ಸೇವೆ ಕಡ್ಡಾಯವಾಗಬೇಕೆ, ಬೇಡವೆ? ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ 1948ರಲ್ಲಿ ನೇಮಕಗೊಂಡ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ಐಚ್ಛಿಕ ನೆಲೆಯ ಸೇವೆಯನ್ನು ಶಿಫಾರಸು ಮಾಡಿತು. ಮೊದಲ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿದ್ಯಾರ್ಥಿಗಳ ಒಂದು ವರ್ಷದ ಶ್ರಮಸೇವೆಯ ಮಾತು ಬಂದಿತು. 1958ರಲ್ಲಿ ನೆಹರೂ ಅವರು ಮುಖ್ಯಮಂತ್ರಿಗಳಿಗೆ ಬರೆದ ಪತ್ರದಲ್ಲಿ, ಪದವಿ ಪಡೆಯಲು ಸಮಾಜಸೇವೆಯನ್ನು ಪೂರ್ವಾರ್ಹತೆಯಾಗಿ ಮಾಡುವ ಆಲೋಚನೆಯನ್ನು ಮುಂದಿಟ್ಟರು. ಮರುವರ್ಷ ಸಿ. ಡಿ. ದೇಶಮುಖ್ ಅವರ ಅಧ್ಯಕ್ಷತೆಯ ಸಮಿತಿಯು ಒಂದು ಹೆಜ್ಜೆ ಮುಂದೆ ಹೋಗಿ, ಪ್ರೌಢಶಿಕ್ಷಣ ಮುಗಿಸಿ ಕಾಲೇಜಿಗೆ ಸೇರಬಯಸುವ ಎಲ್ಲರಿಗೂ ಒಂಬತ್ತು ತಿಂಗಳಿನಿಂದ ಒಂದು ವರ್ಷದವರೆಗಿನ ಸೇವೆಯನ್ನು ಕಡ್ಡಾಯಗೊಳಿಸಬೇಕೆಂದಿತು. ಹಣಕಾಸಿನ ಹೊರೆ ಮತ್ತು ಆಚರಣೆಯ ತೊಡಕುಗಳ ಕಾರಣದಿಂದ ಆ ಶಿಫಾರಸು ಅಂಗೀಕಾರವಾಗಲಿಲ್ಲ. 1960ರಲ್ಲಿ ಕೆ. ಜಿ. ಸೈಯಿದೈನ್ ಅವರು ಹಲವು ದೇಶಗಳ ಕ್ರಮಗಳನ್ನು ಪರಿಶೀಲಿಸಿ ಮತ್ತೆ ಐಚ್ಛಿಕ ನೆಲೆಯನ್ನೇ ಸಮರ್ಥಿಸಿದರು. ಮೆಕ್ಸಿಕೊ ದೇಶದಲ್ಲಿ 1936ರಿಂದಲೇ ವೈದ್ಯಕೀಯ ವಿದ್ಯಾರ್ಥಿಗಳು ಪದವಿಗೆ ಮುನ್ನ ಗ್ರಾಮಾಂತರದಲ್ಲಿ ಸೇವೆ ಸಲ್ಲಿಸುವ ನಿಯಮವಿತ್ತು; ಇಥಿಯೋಪಿಯದ ವಿಶ್ವವಿದ್ಯಾನಿಲಯ 1964ರಲ್ಲಿ ಒಂದು ವರ್ಷದ ಸೇವೆಯನ್ನು ಪದವಿಯ ಭಾಗವಾಗಿಸಿತು. ಭಾರತ ಆ ದಾರಿ ಹಿಡಿಯಲಿಲ್ಲ.

ಕಡ್ಡಾಯದ ಪ್ರಶ್ನೆಗೆ ಇಷ್ಟು ತೂಕ ಬಂದದ್ದಕ್ಕೆ ಕಾಲದ ಒತ್ತಡಗಳೂ ಕಾರಣ. 1962ರ ಚೀನಾ ಯುದ್ಧದ ನಂತರ ಕಾಲೇಜುಗಳಲ್ಲಿ ಎನ್.ಸಿ.ಸಿ. ತರಬೇತಿಯನ್ನು ಕಡ್ಡಾಯಗೊಳಿಸಲಾಗಿತ್ತು; ಕೆಲವೇ ವರ್ಷಗಳಲ್ಲಿ ಆ ಏರ್ಪಾಡು ಹೊರಲಾರದ ಹೊರೆಯೆನಿಸಿತು. ಅದೇ ದಶಕದಲ್ಲಿ ಭಾಷೆ, ಶುಲ್ಕ, ಪರೀಕ್ಷೆಗಳ ವಿಚಾರವಾಗಿ ದೇಶದ ನಾನಾ ಕಡೆ ವಿದ್ಯಾರ್ಥಿ ಚಳವಳಿಗಳು ನಡೆದವು. ಯುವಶಕ್ತಿಯನ್ನು ‘ರಚನಾತ್ಮಕ’ ಕಾರ್ಯಗಳತ್ತ ತಿರುಗಿಸಬೇಕೆಂಬ ಆಡಳಿತಗಾರರ ಕಳವಳವು ಆ ಕಾಲದ ದಾಖಲೆಗಳಲ್ಲಿ ಮರೆಮಾಚದಂತೆ ಕಾಣುತ್ತದೆ. ಡಿ. ಎಸ್. ಕೊಠಾರಿ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964-66) ಮಾತ್ರ ಈ ಕಳವಳವನ್ನು ದಾಟಿ ಯೋಚಿಸಿತೆನ್ನಬೇಕು. ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಸಮಾಜಸೇವೆ ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕೆಂದೂ ಪದವಿ ಹಂತದಲ್ಲಿ ಅದು ಒಟ್ಟು 60 ದಿನಗಳಷ್ಟಿರಬೇಕೆಂದೂ ಅದು ಹೇಳಿತು. ಓದಿದವರಿಗೂ ಓದದವರಿಗೂ ನಡುವೆ ಬೆಳೆಯುತ್ತಿದ್ದ ಅಂತರವನ್ನು ಆಯೋಗವು ಶಿಕ್ಷಣದ ದೋಷವೆಂದೇ ಪರಿಗಣಿಸಿತ್ತು.

1967ರ ಏಪ್ರಿಲ್ ತಿಂಗಳಿನ ರಾಜ್ಯ ಶಿಕ್ಷಣ ಸಚಿವರ ಸಮ್ಮೇಳನದಲ್ಲಿ ಒಂದು ರಾಜಿಸೂತ್ರ ಸಿದ್ಧವಾಯಿತು. ಎನ್.ಸಿ.ಸಿ. ಐಚ್ಛಿಕವಾಗಬೇಕು, ಅದಕ್ಕೆ ಪರ್ಯಾಯವಾಗಿ ರಾಷ್ಟ್ರೀಯ ಸೇವಾ ಯೋಜನೆ ಎಂಬ ಹೊಸ ಕಾರ್ಯಕ್ರಮ ಇರಬೇಕು, ಉತ್ತಮ ಕ್ರೀಡಾಪಟುಗಳಿಗೆ ಪ್ರತ್ಯೇಕ ವ್ಯವಸ್ಥೆಯಾಗಬೇಕು. ಸೆಪ್ಟೆಂಬರಿನಲ್ಲಿ ಕುಲಪತಿಗಳ ಸಮ್ಮೇಳನ ಇದನ್ನು ಸ್ವಾಗತಿಸಿತು. 1969ರ ಮೇ ತಿಂಗಳಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಒಪ್ಪಿದರು. ನಾಲ್ಕನೆಯ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕಾಗಿ ಐದು ಕೋಟಿ ರೂಪಾಯಿ ಮೀಸಲಾಯಿತು. ಯೋಜನೆಯ ಜನ್ಮಲಕ್ಷಣವೊಂದನ್ನು ಇಲ್ಲಿಯೇ ಗುರುತಿಸಬೇಕಾಗುತ್ತದೆ. ಅದು ಕವಾಯತಿಗೆ ಪರ್ಯಾಯವಾಗಿ ಹುಟ್ಟಿತು. ಹೀಗಾಗಿ ವೇಳಾಪಟ್ಟಿಯಲ್ಲಿ ಕವಾಯತು ಹಾಗೂ ಆಟೋಟಗಳ ಪಕ್ಕದಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಚರಿತ್ರೆಗಳ ಪಕ್ಕದಲ್ಲಿ ದೊರೆಯಲಿಲ್ಲ.

ಕಾಕತಾಳೀಯವೆಂಬಂತೆ, ಸುಮಾರು ಅದೇ 1967ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಶಿಕ್ಷಣ ಮಂಡಳಿಯಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ ಅವರು ‘ಸರ್ವಿಸ್ ಲರ್ನಿಂಗ್’ ಎಂಬ ಪದವನ್ನು ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು ಸೇವಾಕಲಿಕೆ ಎನ್ನಬಹುದು. ಸಿಗ್ಮನ್ ಅವರು 1979ರಲ್ಲಿ ಅದಕ್ಕೆ ಮೂರು ತತ್ತ್ವಗಳನ್ನು ವಿಧಿಸಿದರು: ಸೇವೆಯ ಸ್ವರೂಪವನ್ನು ನಿರ್ಧರಿಸುವ ಅಧಿಕಾರ ಸೇವೆ ಪಡೆಯುವವರ ಕೈಯಲ್ಲಿರಬೇಕು; ಆ ಸೇವೆಯಿಂದ ಅವರ ಸ್ವಂತ ಸಾಮರ್ಥ್ಯ ಹೆಚ್ಚಬೇಕು; ಸೇವೆ ಮಾಡುವವನು ಕಲಿಯುವವನೂ ಆಗಿದ್ದು ತಾನು ಕಲಿಯಬೇಕಾದುದರ ಮೇಲೆ ಅವನಿಗೂ ಹಿಡಿತವಿರಬೇಕು. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಕಠಿನವಾದದ್ದು. ಭಾರತದ ಎರಡು ದಶಕಗಳ ಚರ್ಚೆಯಲ್ಲಿ ವಿದ್ಯಾರ್ಥಿಗೆ ಕಡ್ಡಾಯವೆ ಎಂಬ ಪ್ರಶ್ನೆ ನೂರು ಬಾರಿ ಎದ್ದಿತು. ಹಳ್ಳಿಗೆ ಇದು ಬೇಕೆ, ಎಂಥದು ಬೇಕು ಎಂಬ ಪ್ರಶ್ನೆ ಎದ್ದದ್ದು ವಿರಳ.

ವಿ. ಕೆ. ಆರ್. ವಿ. ರಾವ್ ಮತ್ತು ಯೋಜನೆಯ ಆಕಾರ

1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ, ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ಯೋಜನೆಯನ್ನು ಆರಂಭಿಸಿದರು. ಮೊದಲ ವರ್ಷ ಅದರಲ್ಲಿ ತೊಡಗಿದ ವಿದ್ಯಾರ್ಥಿಗಳು ಸುಮಾರು 40,000. ರಾವ್ ಅವರು 1967ರಲ್ಲಿಯೂ 1971ರಲ್ಲಿಯೂ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದವರೆಂಬುದರಿಂದ ಕರ್ನಾಟಕಕ್ಕೆ ಈ ಘಟನೆಯೊಡನೆ ನೇರ ನಂಟಿದೆ. ಆದರೆ ಚರಿತ್ರೆಕಾರನ ಕುತೂಹಲವನ್ನು ಕೆರಳಿಸುವ ಸಂಗತಿ ಬೇರೆಯದು. ರಾವ್ ಅವರು ಭಾರತದ ರಾಷ್ಟ್ರೀಯ ಆದಾಯದ ಅಂದಾಜಿನ ಆದ್ಯ ಪ್ರವರ್ತಕರಲ್ಲಿ ಒಬ್ಬರು. ದೆಹಲಿಯ ಅರ್ಥಶಾಸ್ತ್ರ ಶಾಲೆಯನ್ನು ಕಟ್ಟಿದವರು. ಹಳ್ಳಿಯ ಮನೆಮನೆಯ ಲೆಕ್ಕ ಸರಿಯಾಗಿ ದೊರೆಯದಿದ್ದರೆ ದೇಶದ ಲೆಕ್ಕವೂ ಸರಿಹೋಗದೆಂಬುದನ್ನು ಅವರಷ್ಟು ಬಲ್ಲವರು ಕಡಿಮೆ. ಸಚಿವ ಪದವಿಯಿಂದ ಬಿಡುಗಡೆಯಾದ ಮೇಲೆ 1972ರಲ್ಲಿ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಮೈಸೂರು ಸೀಮೆಯ ಗ್ರಾಮದಲ್ಲಿ ತಂಗಿ ಅಧ್ಯಯನ ನಡೆಸಿದ್ದ ಎಂ. ಎನ್. ಶ್ರೀನಿವಾಸ್ ಆ ಸಂಸ್ಥೆಗೆ ಬಂದರು. ಹೀಗೆ ಮೂರು ವರ್ಷಗಳ ಅಂತರದಲ್ಲಿ ಒಬ್ಬರೇ ವ್ಯಕ್ತಿ ಎರಡಕ್ಕೂ ಚಾಲನೆ ನೀಡಿದರು. ಒಂದರಲ್ಲಿ ಹಳ್ಳಿಯು ಪದವಿ ವಿದ್ಯಾರ್ಥಿಯ ಸೇವಾಕ್ಷೇತ್ರ. ಇನ್ನೊಂದರಲ್ಲಿ ಅದು ಪರಿಣತ ಸಂಶೋಧಕನ ಅಧ್ಯಯನಕ್ಷೇತ್ರ. ಸ್ಲೇಟರನ ವಿದ್ಯಾರ್ಥಿಯಲ್ಲಿ ಕೂಡಬಹುದಾಗಿದ್ದ ಎರಡು ಪಾತ್ರಗಳು ಇಲ್ಲಿ ಎರಡು ಸಂಸ್ಥೆಗಳಿಗೆ ಹಂಚಿಹೋದವು.

ಯೋಜನೆಯ ಘೋಷಿತ ಉದ್ದೇಶಗಳನ್ನು ಗಮನಿಸಿದರೆ ಈ ಹಂಚಿಕೆ ಅನಿವಾರ್ಯವಾಗಿತ್ತೆಂದು ತೋರುವುದಿಲ್ಲ. ಕೈಪಿಡಿಯ ಉದ್ದೇಶಗಳ ಪಟ್ಟಿಯಲ್ಲಿ ಮೊದಲು ಬರುವುದೇ ತಾನು ಕೆಲಸ ಮಾಡುವ ಸಮುದಾಯವನ್ನು ಅರಿಯುವುದು. ಅನಂತರ ಆ ಸಮುದಾಯದ ಸಂಬಂಧದಲ್ಲಿ ತನ್ನನ್ನು ಅರಿಯುವುದು. ಸಮುದಾಯದ ಅಗತ್ಯಗಳನ್ನು ಗುರುತಿಸಿ ಪರಿಹಾರದಲ್ಲಿ ಅದನ್ನೂ ತೊಡಗಿಸುವುದು. ‘ನನಗಲ್ಲ, ನಿಮಗೆ’ ಎಂಬ ಧ್ಯೇಯವಾಕ್ಯಕ್ಕಿಂತಲೂ ಈ ಉದ್ದೇಶಗಳು ಹೆಚ್ಚು ಸೂಕ್ಷ್ಮವಾಗಿವೆ. ಧ್ಯೇಯವಾಕ್ಯ ಕೊಡುವವನ ಮಾತನ್ನಾಡುತ್ತದೆ. ಉದ್ದೇಶಗಳು ಕಲಿಯುವವನ ಮಾತನ್ನಾಡುತ್ತವೆ. ಆದರೆ ಆಚರಣೆಯಲ್ಲಿ ಯೋಜನೆಯ ಆಕಾರವನ್ನು ನಿರ್ಧರಿಸಿದ್ದು ಲೆಕ್ಕಪತ್ರ. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಪೂರೈಸಬೇಕು. ಒಂದು ವಾರ್ಷಿಕ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ಮೊದಲು ಹತ್ತು ದಿನಗಳಿದ್ದ ಶಿಬಿರವು ಮುಂದೆ ಏಳು ದಿನಗಳಿಗೆ ಇಳಿಯಿತು. ಅನುದಾನ ಬರುವುದು ಸ್ವಯಂಸೇವಕರ ತಲೆಯೆಣಿಕೆಯ ಮೇಲೆ. 2016ರ ಮಾರ್ಚ್ ಅಂತ್ಯದವರೆಗೆ ಕೇಂದ್ರ ಮತ್ತು ರಾಜ್ಯಗಳು 7:5ರ ಪ್ರಮಾಣದಲ್ಲಿ ವೆಚ್ಚ ಭರಿಸುತ್ತಿದ್ದವು. ಅನಂತರ ಪೂರ್ಣ ವೆಚ್ಚ ಕೇಂದ್ರದ್ದಾಯಿತು. ಎಷ್ಟು ಮಂದಿ, ಎಷ್ಟು ಗಂಟೆ, ಎಷ್ಟು ಸಸಿ, ಎಷ್ಟು ಮೀಟರ್ ಚರಂಡಿ ಎಂಬುದನ್ನು ಹಣಬಳಕೆಯ ಪ್ರಮಾಣಪತ್ರದೊಂದಿಗೆ ಒಪ್ಪಿಸಬಹುದು. ವಿದ್ಯಾರ್ಥಿ ಏನನ್ನು ಅರಿತ ಎಂಬುದನ್ನು ಒಪ್ಪಿಸುವ ನಮೂನೆ ಇರಲಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಬೋಧನೆಯ ಪೂರ್ಣ ಹೊರೆಯ ಜೊತೆಗೆ ನೂರು ವಿದ್ಯಾರ್ಥಿಗಳ ಘಟಕವನ್ನು ಹೊತ್ತ ಕಾರ್ಯಕ್ರಮಾಧಿಕಾರಿಗೆ ಲೆಕ್ಕ ಮುಗಿಸುವುದೇ ಒಂದು ಸಾಹಸ.

ಇಷ್ಟಾಗಿಯೂ ಶಿಬಿರದ ಸಾಧನೆಯನ್ನು ಲಘುವಾಗಿ ಕಾಣಲಾಗದು. 1973ರ ‘ಕ್ಷಾಮದ ವಿರುದ್ಧ ಯುವಜನ’ ಎಂಬ ವಿಷಯದ ಶಿಬಿರಗಳು, 1972-73ರ ಬರಗಾಲದ ಹಿನ್ನೆಲೆಯಲ್ಲಿ, ತುರ್ತಿನ ಕಾರ್ಯಗಳಾಗಿದ್ದವು. 1986ರಲ್ಲಿ ಆರಂಭವಾದ ಸಾಮೂಹಿಕ ಕ್ರಿಯಾತ್ಮಕ ಸಾಕ್ಷರತಾ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳನ್ನು ತೊಡಗಿಸಿದ ಅನುಭವವು ಮುಂದಿನ ಸಂಪೂರ್ಣ ಸಾಕ್ಷರತಾ ಆಂದೋಲನಗಳಿಗೆ ಪೂರ್ವಸಿದ್ಧತೆಯಾಯಿತು. 2010ರ ದಶಕದ ನಡುವಿನ ಹೊತ್ತಿಗೆ ಯೋಜನೆಯ ಸ್ವಯಂಸೇವಕರ ಸಂಖ್ಯೆ ದೇಶದಲ್ಲಿ 30 ಲಕ್ಷವನ್ನು ದಾಟಿತ್ತು. ಊರಿನ ಶಾಲೆಯಲ್ಲೋ ದೇವಸ್ಥಾನದ ಸಮುದಾಯ ಭವನದಲ್ಲೋ ತಂಗಿ, ಸರದಿಯಂತೆ ಅಡುಗೆ ಮಾಡಿ, ಜಾತಿ ಕೇಳದೆ ಒಂದೇ ಪಂಕ್ತಿಯಲ್ಲಿ ಉಂಡ ಏಳು ದಿನಗಳು ಅನೇಕ ವಿದ್ಯಾರ್ಥಿಗಳ ಪಾಲಿಗೆ ಮನೆಯಲ್ಲಿ ದೊರೆಯದ ಶಿಕ್ಷಣವಾಗಿದ್ದವು. ಹೆಣ್ಣುಮಕ್ಕಳಿಗೆ ಮನೆಯಿಂದ ಹೊರಗೆ ರಾತ್ರಿ ತಂಗುವ ಮೊದಲ ಅವಕಾಶವೇ ಇದಾಗಿದ್ದುದುಂಟು. ಆದರೆ ಈ ಲಾಭಗಳೆಲ್ಲ ಶಿಬಿರದ ಒಳಗಿನವು. ವಿದ್ಯಾರ್ಥಿ ವಿದ್ಯಾರ್ಥಿಯಿಂದ ಕಲಿತದ್ದು.

‘ದತ್ತು ಗ್ರಾಮ’ವೆಂಬ ಪರಿಭಾಷೆ

ಯೋಜನೆಯ ಪರಿಭಾಷೆಯಲ್ಲಿ ಅತ್ಯಂತ ವಿಚಾರಾರ್ಹವಾದ ಪದ ‘ದತ್ತು ಗ್ರಾಮ’. ನಮ್ಮ ಸಂಪ್ರದಾಯದಲ್ಲಿ ದತ್ತು ಬಂದವನು ದತ್ತು ಪಡೆದವರ ಮನೆಯಲ್ಲಿ ನೆಲೆಸುತ್ತಾನೆ, ಆಸ್ತಿಗೂ ಅಪರಕ್ರಿಯೆಗೂ ಹಕ್ಕುದಾರನಾಗುತ್ತಾನೆ. ಇಲ್ಲಿ ದತ್ತು ತೆಗೆದುಕೊಂಡವರೇ ಏಳು ದಿನ ಬಂದು ಇದ್ದು ಹೋಗುತ್ತಾರೆ. ಪದದ ವಿಡಂಬನೆ ಹಾಗಿರಲಿ. ಇದರಲ್ಲಿ ಅಡಗಿರುವ ಗ್ರಹಿಕೆಯೆಂದರೆ ಗ್ರಾಮವೆಂಬುದು ಒಂದು ಅಖಂಡ ಘಟಕ ಎಂಬುದು. ವಸ್ತುತಃ ಕನ್ನಡದಲ್ಲಿಯೇ ‘ಊರು’ ಬೇರೆ, ‘ಕೇರಿ’ ಬೇರೆ. ಶಿಬಿರಕ್ಕೆ ಒಪ್ಪಿಗೆ, ಅಕ್ಕಿಬೇಳೆ, ಉದ್ಘಾಟನೆಯ ವೇದಿಕೆ ಇವೆಲ್ಲ ಒದಗುವುದು ಸಾಮಾನ್ಯವಾಗಿ ಊರಿನ ಪ್ರಮುಖರಿಂದ. ಯಾವ ಬೀದಿಯ ಚರಂಡಿ ಮೊದಲು, ಯಾವ ದಾರಿಗೆ ಮಣ್ಣು ಎಂಬ ನಿರ್ಧಾರವೂ ಸಹಜವಾಗಿಯೇ ಅವರ ಮಾತಿನಂತೆ ಆಗುತ್ತದೆ. ಕೇರಿಯ ಜನರನ್ನು ವಿಚಾರಿಸಿದರೆ ಬೇರೊಂದು ಕೆಲಸದ ಹೆಸರು ಹೇಳಿಯಾರು: ಕುಡಿಯುವ ನೀರಿನ ನಲ್ಲಿ, ಸ್ಮಶಾನದ ದಾರಿ, ಜಮೀನಿನ ಕಾಗದ. ಇವು ಹಾರೆಯಿಂದ ಆಗುವ ಕೆಲಸಗಳಲ್ಲ. ಅರ್ಜಿ ಬರೆಯಲು, ಪಹಣಿ ಓದಲು, ಕಚೇರಿಯಲ್ಲಿ ಕೇಳಲು ಬಲ್ಲವರ ಸಹಾಯ ಬೇಡುವಂಥವು. ಪದವಿ ತರಗತಿಯ ವಿದ್ಯಾರ್ಥಿ ತನ್ನ ಓದಿನ ಬಲದಿಂದ ಮಾಡಬಹುದಾದದ್ದು ಈ ಕೆಲಸ. ಆದರೆ ಅವನ ಕೈಗೆ ಕೊಟ್ಟದ್ದು ಕೂಲಿಯಾಳು ಅವನಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸವನ್ನು. ಶ್ರಮದ ಗೌರವವನ್ನು ಕಲಿಸುವ ಉದ್ದೇಶ ಸರಿಯಾದದ್ದೇ; ಹಳ್ಳಿಗೆ ಅದರ ಬೆಲೆಯೆಷ್ಟು ಎಂಬುದು ಬೇರೆ ಪ್ರಶ್ನೆ.

ಪಠ್ಯದೊಳಗಣ ಹಳ್ಳಿ

ಎರಡು ಧಾರೆಗಳು ಪುನಃ ಸಮೀಪಿಸಿದ್ದು ಸೇವಾ ಯೋಜನೆಯ ಹೊರಗೆ, ಕೆಲವು ವಿಷಯಗಳ ಪಠ್ಯಕ್ರಮದೊಳಗೆ. ಕರ್ನಾಟಕದ ಜಾನಪದ ಅಧ್ಯಯನ ಇದಕ್ಕೊಂದು ನಿದರ್ಶನ. 1960 ಮತ್ತು 70ರ ದಶಕಗಳಲ್ಲಿ ಮೈಸೂರು, ಧಾರವಾಡಗಳಲ್ಲಿ ಜಾನಪದವು ಸ್ನಾತಕೋತ್ತರ ಮಟ್ಟದ ಅಧ್ಯಯನವಾಗಿ ಬೆಳೆದಂತೆ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೊರಟರು. ಹಾಡು, ಕತೆ, ಕಾವ್ಯಗಳನ್ನು ಬಲ್ಲ ಅನಕ್ಷರಸ್ಥ ಮುದುಕಿ ಇಲ್ಲಿ ಗುರುಸ್ಥಾನದಲ್ಲಿದ್ದಳು. ವಿದ್ಯಾರ್ಥಿ ಆಕೆಯ ಬಿಡುವಿಗಾಗಿ ಕಾಯಬೇಕಾಗಿತ್ತು. ಸೇವಾ ಶಿಬಿರದಲ್ಲಿ ಕಾಣದ ಸಂಬಂಧವಿದು. ಹಾಡಿದವರ ಹೆಸರನ್ನು ಎಷ್ಟು ಸಂಗ್ರಹಗಳು ಗೌರವದಿಂದ ದಾಖಲಿಸಿವೆ ಎಂಬ ಕೊರತೆಯ ಮಾತು ಇದ್ದೇ ಇದೆ. ವೈದ್ಯಕೀಯ ಶಿಕ್ಷಣದಲ್ಲಿ 1970ರ ದಶಕದ ಮರುಪರಿಶೀಲನೆಯಿಂದ ಹಿಡಿದು 2021-22ರ ಸುಮಾರಿಗೆ ಜಾರಿಗೆ ಬಂದ ಕುಟುಂಬ ದತ್ತು ಕಾರ್ಯಕ್ರಮದವರೆಗೆ ಇಂಥ ಪ್ರಯತ್ನಗಳ ಸರಣಿಯೇ ಇದೆ.

ಇವೆಲ್ಲಕ್ಕಿಂತ ಹೆಚ್ಚು ವ್ಯವಸ್ಥಿತವಾದದ್ದು ಕೃಷಿ ವಿಶ್ವವಿದ್ಯಾನಿಲಯಗಳ ಗ್ರಾಮೀಣ ಕೃಷಿ ಕಾರ್ಯಾನುಭವ. 1992ರ ರಾಂಧವಾ ಸಮಿತಿಯ ಶಿಫಾರಸಿನ ಮೇರೆಗೆ ದೇಶಾದ್ಯಂತ ವಿಸ್ತರಿಸಿದ ಈ ಕ್ರಮದಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ವಾರಗಟ್ಟಲೆ ಹಳ್ಳಿಯಲ್ಲಿ ತಂಗಿ, ರೈತ ಕುಟುಂಬಗಳೊಡನೆ ಹೊಲಕ್ಕೆ ಹೋಗುತ್ತಾರೆ. ಇದಕ್ಕೆ ಅಂಕಗಳುಂಟು, ಪರೀಕ್ಷೆಯುಂಟು. ಇದರ ಭಾಗವಾಗಿ ನಡೆಯುವ ಗ್ರಾಮ ಸಹಭಾಗಿತ್ವದ ಸಮೀಕ್ಷೆಯಲ್ಲಿ ಶಾಲೆಯ ಅಂಗಳದಲ್ಲೋ ಅರಳಿಕಟ್ಟೆಯ ಮುಂದೆಯೋ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆಗೆ ನೀಲಿ, ತೋಟಕ್ಕೆ ಹಸಿರು, ಮನೆಗಳಿಗೆ ಇನ್ನೊಂದು ಬಣ್ಣ. ಸುತ್ತ ನೆರೆದವರು ತಿದ್ದುತ್ತಾರೆ: ಆ ಬಾವಿ ಬತ್ತಿ ವರ್ಷಗಳಾದವು, ಈ ದಾರಿ ಈಗಿಲ್ಲ, ಒತ್ತುವರಿಯಾಗಿದೆ. ಹಳ್ಳಿಗನ ತಿದ್ದುಪಡಿಯಿಲ್ಲದೆ ನಕ್ಷೆ ಪೂರ್ಣವಾಗದು. ಸ್ಲೇಟರನ ಪ್ರಶ್ನಾವಳಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ಕಲಿಕೆ ಬಹಿರಂಗದಲ್ಲಿ, ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ಆದರೆ ಈ ಅವಕಾಶ ಕೃಷಿ ಪದವಿಯ ಕೆಲವರಿಗೆ ಮೀಸಲು; ಕಲೆ, ವಾಣಿಜ್ಯ, ವಿಜ್ಞಾನ ಕಾಲೇಜುಗಳ ಬಹುಸಂಖ್ಯಾತ ವಿದ್ಯಾರ್ಥಿಗಳಿಗೆ ದೊರೆತದ್ದು ಶಿಬಿರವೊಂದೇ.

ಈ ಶತಮಾನದ ಎರಡನೆಯ ದಶಕದಲ್ಲಿ ಸರ್ಕಾರದ ಗಮನ ಮತ್ತೆ ಈ ಕಡೆ ತಿರುಗಿತು. 2014ರಲ್ಲಿ ಆರಂಭವಾಗಿ 2018ರಲ್ಲಿ ಪರಿಷ್ಕೃತವಾದ ಉನ್ನತ ಭಾರತ ಅಭಿಯಾನವು ಉನ್ನತ ಶಿಕ್ಷಣ ಸಂಸ್ಥೆಗಳನ್ನು ಸಮೀಪದ ಹಳ್ಳಿಗಳೊಡನೆ ಜೋಡಿಸಿತು. ಅದರಲ್ಲಿ ಮನೆಮನೆಯ ಸಮೀಕ್ಷೆಗೆ ಸ್ಥಾನವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಮುದಾಯ ಸೇವೆಯನ್ನು ಕ್ರೆಡಿಟ್ ವ್ಯವಸ್ಥೆಯೊಳಕ್ಕೆ ತಂದಿತು. ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಎರಡು ಕ್ರೆಡಿಟ್‌ಗಳ ಸಮುದಾಯ ಸಹಭಾಗಿತ್ವದ ಪಠ್ಯದ ಚೌಕಟ್ಟನ್ನು ಪ್ರಕಟಿಸಿತು. 1967ರಲ್ಲಿ ಕವಾಯತಿನ ಪಕ್ಕಕ್ಕೆ ಹೋದ ಸೇವೆ ಅರ್ಧ ಶತಮಾನದ ಮೇಲೆ ಪಠ್ಯದ ಪಕ್ಕಕ್ಕೆ ಬಂದಿದೆ. ಸೈಯಿದೈನ್ ಅವರಿಗೆ ಹಿತವೆನಿಸದಿದ್ದ ಕಡ್ಡಾಯವೂ ಕ್ರೆಡಿಟ್‌ನ ವೇಷದಲ್ಲಿ ಹಿಂದಿರುಗಿದೆಯೆಂಬುದನ್ನು ಮರೆಯುವಂತಿಲ್ಲ.

ಆಕರಗಳ ಸ್ಥಿತಿ

ಈ ವಿಷಯದ ಚರಿತ್ರೆ ಬರೆಯಹೊರಟವರಿಗೆ ದೆಹಲಿಯ ಆಯೋಗಗಳ ವರದಿಗಳು ಸುಲಭವಾಗಿ ದೊರೆಯುತ್ತವೆ. ಕಾಲೇಜು ಮತ್ತು ಹಳ್ಳಿಯ ಮಟ್ಟದ ಆಕರಗಳು ದೊರೆಯುವುದು ಕಷ್ಟ. ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ ಶಿಬಿರದ ವರದಿಗಳಿರುತ್ತವೆ. ಅವುಗಳಲ್ಲಿ ಉದ್ಘಾಟಕರ, ಅಧ್ಯಕ್ಷರ, ಉಪನ್ಯಾಸಕರ ಹೆಸರುಗಳು ತಪ್ಪದೆ ಬರುತ್ತವೆ. ಹಳ್ಳಿಯವರ ಹೆಸರುಗಳು ಬಂದರೆ ಅದು ದಾನಿಗಳ ಪಟ್ಟಿಯಲ್ಲಿ. ಸ್ವಯಂಸೇವಕರು ಬರೆಯಬೇಕಾಗಿದ್ದ ದಿನಚರಿ ಪುಸ್ತಕಗಳು ಪ್ರಮಾಣಪತ್ರ ದೊರೆತ ಕೂಡಲೇ ಬೆಲೆ ಕಳೆದುಕೊಳ್ಳುವ ಕಾಗದಗಳು. ಶಿಬಿರಕ್ಕೆ ಮುನ್ನ ಅನೇಕ ಘಟಕಗಳು ನಡೆಸಿದ ಮನೆಮನೆ ಸಮೀಕ್ಷೆಯ ನಮೂನೆಗಳೂ ಹಾಗೆಯೇ: ಕುಟುಂಬದ ಸದಸ್ಯರೆಷ್ಟು, ಓದಿದವರೆಷ್ಟು, ಶೌಚಾಲಯವುಂಟೆ, ದನಕರುಗಳೆಷ್ಟು ಎಂದು ತುಂಬಿದ ಆ ಹಾಳೆಗಳು ಒಂದೆಡೆ ಸೇರಿದ್ದರೆ 1970ರಿಂದೀಚಿನ ಕರ್ನಾಟಕದ ಹಳ್ಳಿಗಳ ಬಗೆಗೆ ಜನಗಣತಿಯೂ ಕೊಡಲಾರದ ವಿವರಗಳನ್ನು ಕೊಡುತ್ತಿದ್ದವು.

ಆದುದರಿಂದ ಮೊದಲು ಆಗಬೇಕಾದ ಕೆಲಸ ಸಂಗ್ರಹದ್ದು. ಹಳೆಯ ಸರ್ಕಾರಿ ಮತ್ತು ಖಾಸಗಿ ಕಾಲೇಜುಗಳ ಗ್ರಂಥಾಲಯಗಳಲ್ಲಿ ವಾರ್ಷಿಕ ಸಂಚಿಕೆಗಳ ಬಿಡಿ ಪ್ರತಿಗಳು ಇನ್ನೂ ಉಳಿದಿವೆ. ವಿಶ್ವವಿದ್ಯಾನಿಲಯಗಳ ಸೇವಾ ಯೋಜನಾ ವಿಭಾಗಗಳಲ್ಲಿ ಘಟಕವಾರು ದತ್ತು ಗ್ರಾಮಗಳ ಹೆಸರುಗಳಾದರೂ ದೊರೆಯಬಹುದು. ಗ್ರಾಮ ಪಂಚಾಯಿತಿಗಳ ನಡಾವಳಿ ಪುಸ್ತಕಗಳಲ್ಲಿ ಶಿಬಿರಕ್ಕೆ ಅನುಮತಿ ನೀಡಿದ ಠರಾವುಗಳಿರಬೇಕು. ಆ ಠರಾವಿನಲ್ಲಿ ಊರಿನವರು ಯಾವ ಕೆಲಸವನ್ನು ಕೇಳಿದ್ದರು, ಶಿಬಿರದ ವರದಿಯಲ್ಲಿ ಯಾವ ಕೆಲಸ ಆಯಿತೆಂದಿದೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1970ರ ದಶಕದ ಶಿಬಿರಗಳನ್ನು ಕಂಡ ಹಳ್ಳಿಯ ಹಿರಿಯರು ಇಂದು ಎಪ್ಪತ್ತು ದಾಟಿದವರು. ಅವರ ಮಾತುಗಳನ್ನು ಇನ್ನೂ ಬರೆದುಕೊಳ್ಳಬಹುದಾಗಿದೆ.